ಹೆಸರು ನಮ್ಮದು, ಜೀವ ಯಾರದು?

ಗಡಿನಾಡಿನವರಾದ ನಮಗೆ ಒಂದು ಜೀವಕ್ಕೆ ಎರಡು ಹೆಸರಿರುವುದು ಹೊಸತಲ್ಲ. ಬೊಮ್ಮನಹಾಳಿನ ಸೀಮೆಯಲ್ಲಿ ಒಬ್ಬರ ಕರಡಿ ಇನ್ನೊಬ್ಬರಿಗೆ ಎಲುಗುಬಂಟಿ. ಒಬ್ಬರ ನರಿ ಇನ್ನೊಬ್ಬರಿಗೆ ನಕ್ಕ. ಇದರಿಂದ ಯಾರೂ ದಾರಿ ತಪ್ಪಿಲ್ಲ. ದಾರಿ ತಪ್ಪಿಸುವುದು ಇದರ ವಿಪರ್ಯಾಸ: ಒಂದೇ ಹೆಸರಿನ ಅಡಿಯಲ್ಲಿ ಬೇರೆಯೇ ಜೀವವನ್ನು ತಂದು ಕೂರಿಸುವುದು.

ಆಟಗಾರರು ಪಾತ್ರಗಳಾಗಿ ಕಥೆ ಕಟ್ಟುತ್ತ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಇಂದಿನ ಎಷ್ಟೋ ಕಂಪ್ಯೂಟರ್ ಆಟಗಳು ಅದರ ಸಂತಾನ. 1977ರಲ್ಲಿ ಬಂದ ಅದರ ಜೀವಿಕೋಶದಲ್ಲಿ ‘ರಾಕ್ಷಸ’ನಿದ್ದಾನೆ. ಅವನಿಗೆ ಹುಲಿಯ ತಲೆ, ಮೈಮೇಲೆ ನಿಲುವಂಗಿ, ಕೈಯಲ್ಲಿ ಹೊಗೆಕೊಳವೆ! ಶಿವಭಕ್ತ ರಾವಣನೂ ಧರ್ಮಿಷ್ಠ ವಿಭೀಷಣನೂ ಪಾಂಡವರಿಗಾಗಿ ಮಡಿದ ಘಟೋತ್ಕಚನೂ ಇದೇ ಹೆಸರಿನವರೆಂಬುದು ಆ ಪುಟದಿಂದ ತಿಳಿಯುವಂತಿಲ್ಲ. ನಮ್ಮ ಅರಳಿಕಟ್ಟೆಯಲ್ಲಿ ಹಾಲೆರೆಸಿಕೊಳ್ಳುವ ನಾಗನೂ ಅಲ್ಲಿ ಕೊಲ್ಲಬಹುದಾದ ಒಂದು ಪ್ರಾಣಿವರ್ಗ.

“ಆಟವಷ್ಟೇ ಅಲ್ಲವೇ? ಗ್ರೀಕರ ಹೆಸರುಗಳಿಗೂ ಇದೇ ಗತಿಯಾಗಿದೆಯಲ್ಲ?” ಎನ್ನುವವರಿದ್ದಾರೆ. ನಿಜ. ಗ್ರೀಕರಲ್ಲಿ ಗಾರ್ಗನ್ ಎಂದರೆ ಮೂವರು ಸೋದರಿಯರು, ಮೆಡೂಸಾ ಅವರಲ್ಲೊಬ್ಬಳು. ಆಟದಲ್ಲಿ ಗಾರ್ಗನ್ ಎಂದರೆ ಕಬ್ಬಿಣದ ಹುರುಪೆಯ ಗೂಳಿ. ಆದರೆ ಗ್ರೀಕರ ಮೂಲಕಥೆ ಜಗತ್ತಿನ ಗ್ರಂಥಾಲಯಗಳಲ್ಲೆಲ್ಲ ಜೀವಂತವಾಗಿದೆ; ತಪ್ಪು ಚಿತ್ರದ ಪಕ್ಕದಲ್ಲೇ ಸರಿ ಚಿತ್ರ ಸಿಗುತ್ತದೆ. ಶಾಲೆಯಲ್ಲಿ ತೆಲುಗು, ಇಂಗ್ಲಿಷುಗಳ ನಡುವೆ ಕನ್ನಡವನ್ನು ಹುಡುಕಿಕೊಳ್ಳಬೇಕಾದ ನಮ್ಮ ಮಗುವಿಗೆ ಆ ಸೌಕರ್ಯ ಎಲ್ಲಿದೆ? ಅದು ‘ರಾಕ್ಷಸ’ನನ್ನು ಮೊದಲು ಕಾಣುವುದು ಪರದೆಯ ಮೇಲೆ. ಮೊದಲು ಕಂಡದ್ದೇ ಮೂಲವೆಂದು ನಂಬುವುದು ಮಗುವಿನ ತಪ್ಪಲ್ಲ.

ಹೆಸರಿಗೆ ಹೊಸ ಅರ್ಥ ಕೊಡಬಾರದೆಂದು ನಾನು ವಾದಿಸುತ್ತಿಲ್ಲ. ಹಾಗೆ ವಾದಿಸಿದರೆ ನಮ್ಮ ನಾಗಚಂದ್ರನನ್ನೇ ಮೊದಲು ಕಟಕಟೆಯಲ್ಲಿ ನಿಲ್ಲಿಸಬೇಕಾದೀತು. ತನ್ನ ‘ರಾಮಚಂದ್ರಚರಿತ ಪುರಾಣ’ದಲ್ಲಿ ಅವನು ಜೈನ ಪರಂಪರೆಯನ್ನು ಅನುಸರಿಸಿ ರಾಕ್ಷಸರನ್ನು ವಿದ್ಯಾಧರರ ವಂಶವಾಗಿ ಕಂಡ; ರಾವಣನಿಗೆ ಪಶ್ಚಾತ್ತಾಪದ ಹೃದಯ ಕೊಟ್ಟ. ಹೆಸರು ಹಳೆಯದೇ, ಜೀವ ಬೇರೆ. ಆದರೆ ಆ ಕಾವ್ಯ ಹಳೆಯ ಕಥೆಗೆ ಎದುರು ನಿಂತು ಉತ್ತರ ಹೇಳುತ್ತದೆ. ಅದನ್ನು ಓದಿದವನಿಗೆ ಇಬ್ಬರು ರಾವಣರು ದಕ್ಕುತ್ತಾರೆ. ಆಟದ ಪುಸ್ತಕ ಉತ್ತರ ಹೇಳುವುದಿಲ್ಲ, ಸದ್ದನ್ನಷ್ಟೇ ಒಯ್ಯುತ್ತದೆ. ಅದನ್ನು ಓದಿದವನಿಗೆ ಒಬ್ಬ ರಾವಣನೂ ದಕ್ಕುವುದಿಲ್ಲ. ಮೊದಲನೆಯದು ಸಾಹಿತ್ಯ, ಎರಡನೆಯದು ಬರಿಯ ಹಣೆಪಟ್ಟಿ.

ಆದರೆ ಬೈಗುಳವನ್ನೆಲ್ಲ ಅಮೆರಿಕಕ್ಕೆ ಕಳಿಸಿ ನಾವು ನಿಶ್ಚಿಂತರಾಗುವಂತಿಲ್ಲ. ಹಳ್ಳಿಯ ಕಥೆಗಳ ಬ್ರಹ್ಮರಾಕ್ಷಸ ದಾರಿ ತಪ್ಪಿದ ವಿದ್ವಾಂಸನ ಪ್ರೇತ, ಅವನು ರಾಕ್ಷಸನಲ್ಲ. ಈ ಭೇದವನ್ನು ನಮ್ಮ ಮಕ್ಕಳಿಗೆ ಹೇಳಿದವರು ಯಾರು? ತುಳುನಾಡಿನ ಭೂತ ದೈವ, ನಮ್ಮೂರಿನ ಭೂತ ದೆವ್ವ ಎಂದು ನಮ್ಮಲ್ಲಿ ಎಷ್ಟು ಜನ ವಿವರಿಸಬಲ್ಲೆವು? ಮನೆಯ ಒಡೆಯ ಬೀಗ ಹಾಕದೆ ಮಲಗಿ, ಬೆಳಗ್ಗೆ ಕಳ್ಳನನ್ನಷ್ಟೇ ಶಪಿಸಿದರೆ ಏನು ಬಂತು?

ಆದ್ದರಿಂದ ನಿಷೇಧದ ಕೂಗು ಬೇಡ. ಮಕ್ಕಳು ಆಡಲಿ. ಗಡಿನಾಡಿನ ಕನ್ನಡ ಸಂಘಗಳು ಮಾತ್ರ ಸನ್ಮಾನದ ಶಾಲುಗಳಲ್ಲಿ ಎರಡನ್ನು ಕಡಿಮೆ ಮಾಡಿ, ಶರಭ, ಗಂಡಭೇರುಂಡ, ಮಕರ, ಯಕ್ಷ, ನಾಗ, ರಾಕ್ಷಸರ ಕಥೆಗಳನ್ನು ಸಚಿತ್ರವಾಗಿ, ತಿಳಿಗನ್ನಡದಲ್ಲಿ ಅಚ್ಚುಹಾಕಿಸಿ ಪ್ರತಿ ಕನ್ನಡ ಶಾಲೆಗೂ ಮುಟ್ಟಿಸಲಿ. ಹುಲಿಮುಖದವನನ್ನು ಪರದೆಯ ಮೇಲೆ ಕಂಡ ದಿನ ನಮ್ಮ ಮಗು ನಕ್ಕು, “ಇವನು ಆ ರಾಕ್ಷಸನಲ್ಲ” ಎನ್ನುವಂತಾಗಲಿ. ಹೆಸರನ್ನು ಉಳಿಸಿಕೊಳ್ಳಲು ಅಷ್ಟು ಅರಿವು ಸಾಕು.