ರೇಖೆಗೂ ನಾದವುಂಟು



ಗಣಿತದ ವಕ್ರರೇಖೆಗಳಿಂದ, ಎಂದರೆ ನಮ್ಮ ಶಾಲಾಬಾಲಕರು ಗ್ರಾಫ್ ಎಂದು ಕರೆಯುವ ರೇಖಾಚಿತ್ರಗಳಿಂದ, ವಿದ್ಯುದ್ಯಂತ್ರದ ಮೂಲಕ ನಾದವನ್ನು ಹೊರಡಿಸುವ ವಿದ್ಯೆಯು ಈಗ ಲೋಕಪ್ರಸಿದ್ಧವಾಗಿದೆ. ಈ ಮಾತನ್ನೆತ್ತಿದೊಡನೆಯೇ ಸಿರವಾರದ ನಮ್ಮ ಸಂಗೀತಪ್ರಿಯ ಮಿತ್ರರು “ಲೆಕ್ಕದ ಮಾಸ್ತರರ ಗೀಟಿನಲ್ಲಿ ರಸವೆಲ್ಲಿಯದು?” ಎಂದು ನಗುತ್ತಾರೆ. ಈ ನಗೆಯು ಅವಿಚಾರಮೂಲವಾದುದೆಂದು ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶವು.

ಗಣಿತವು ಸಂಗೀತಕ್ಕೆ ಪರಕೀಯವೆಂಬುದು ಮೊದಲನೆಯ ಆಕ್ಷೇಪ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಸಪ್ತಸ್ವರಗಳ 5,040 ಕ್ರಮಭೇದಗಳನ್ನು ಖಂಡಮೇರುವೆಂಬ ಅಂಕೆಗಳ ಕೋಷ್ಠಕದಿಂದ ವಿವರಿಸಿದನಲ್ಲವೇ? ಷಡ್ಜಕ್ಕೆ ಸೆಕೆಂಡಿಗೆ 240 ಕಂಪನಗಳಾದರೆ ಪಂಚಮಕ್ಕೆ 360. ಇದು ಯಾರ ಕಲ್ಪನೆಯೂ ಅಲ್ಲ, ತಂತಿಯ ಸ್ವಭಾವ. ಆ ಕಂಪನವನ್ನು ಕಾಗದದ ಮೇಲೆ ಬರೆದರೆ ಅಲೆಯಾಕಾರದ ರೇಖೆಯಾಗುತ್ತದೆ. ಆ ರೇಖೆಯನ್ನು ಯಂತ್ರವು ಓದಿದರೆ ಪುನಃ ನಾದವಾಗುತ್ತದೆ. 1977ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಸೆನಾಕಿಸ್ ಎಂಬ ಸಂಗೀತಕಾರನು, ಫಲಕದ ಮೇಲೆ ಎಳೆದ ಗೆರೆಯನ್ನೇ ನುಡಿಸುವ ಯಂತ್ರವನ್ನು ಸಿದ್ಧಪಡಿಸಿದನು.

ಯಂತ್ರವು ನೀರಸವೆಂಬುದು ಎರಡನೆಯ ಆಕ್ಷೇಪ. ಬೆಂಗಳೂರಿನ ಜಿ. ರಾಜನಾರಾಯಣರು 1979ರಲ್ಲಿ ಬೆಳಕಿಗೆ ತಂದ ವಿದ್ಯುತ್ ತಂಬೂರಿಯ ಸಂತತಿಯು ಇಂದು ಎಷ್ಟೋ ವಿದ್ವಾಂಸರ ಪಕ್ಕದಲ್ಲಿ ಮಿಡಿಯುತ್ತಿದೆ. ಅದರ ಶ್ರುತಿಗೆ ತಲೆದೂಗುವವರು ಗ್ರಾಫನ್ನು ಕಂಡು ಮೂಗು ಮುರಿಯುವುದು ಯಾವ ನ್ಯಾಯ? ಎಳೆದ ಗೆರೆಯೆಲ್ಲ ಸಂಗೀತವೆಂದು ನಾನು ಹೇಳುವುದಿಲ್ಲ. ಹಲವು ರೇಖೆಗಳು ಬರಿಯ ಊಳಾಟವೇ ಸರಿ. ಅಲ್ಲಿ ಕಿವಿಯೇ ಪ್ರಮಾಣ.

ಆದರೆ ನಿಜವಾದ ಪ್ರಯೋಜನವು ಬೇರೆಯೇ ಇದೆ. ಸ್ವರಾಕ್ಷರಗಳು ಸ್ವರದ ನೆಲೆಯನ್ನು ಹೇಳುವವೇ ಹೊರತು ಕಂಠವು ಜಾರುವ, ತೂಗುವ ದಾರಿಯನ್ನು ಹೇಳಲಾರವು. ದರಬಾರಿ ಕಾನಡಾದ ಆಂದೋಲಿತ ಗಾಂಧಾರವನ್ನು ‘ಗ’ ಎಂದು ಬರೆದ ಮಾತ್ರಕ್ಕೆ ದರಬಾರಿಯು ಹುಟ್ಟೀತೇ? ಕಾಲವನ್ನು ಅಡ್ಡಕ್ಕೂ ಶ್ರುತಿಯನ್ನು ಉದ್ದಕ್ಕೂ ಇಟ್ಟು ಎಳೆದ ರೇಖೆಯು ಆ ತೂಗಾಟವನ್ನು ಹಿಡಿಯುತ್ತದೆ. ಧ್ವನಿಮುದ್ರಣವಿದೆಯಲ್ಲ ಎನ್ನುವಿರೋ? ಮುದ್ರಣವು ಕೇಳಿಸುತ್ತದೆ, ಶಿಷ್ಯನು ಎಡವಿದ ಸ್ಥಳವನ್ನು ಬೆರಳಿಟ್ಟು ತೋರಿಸುವುದು ರೇಖೆ.

ನಮ್ಮ ನೆರೆಯ ಮಾನ್ವಿಯಲ್ಲಿ 1809ರಲ್ಲಿ ದೇಹವಿಟ್ಟ ಜಗನ್ನಾಥದಾಸರ ‘ಹರಿಕಥಾಮೃತಸಾರ’ವು ನಮ್ಮ ಮನೆಮನೆಯಲ್ಲಿದೆ. ದಾಸರು ಅದನ್ನು ಹಾಡಿದ ಧಾಟಿ ಇಂಥದೇ ಎಂದು ಪ್ರಮಾಣಪೂರ್ವಕವಾಗಿ ಹೇಳಬಲ್ಲವರು ಯಾರು? ಸಾಹಿತ್ಯಕ್ಕೆ ಲಿಪಿಯಿತ್ತು, ಧಾಟಿಗೆ ಇರಲಿಲ್ಲ. ಇಂದು ಇದೆ.

ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ವರ್ಷಗಟ್ಟಲೆ ಕರಿಹಲಗೆಯ ಮೇಲೆ ಅಲೆಯಂಥ ಜ್ಯಾರೇಖೆಯನ್ನು ಎಳೆದೆನು. ಅದು ಶುದ್ಧನಾದದ ರೂಪವೆಂದು ಒಬ್ಬ ಬಾಲಕನಿಗೂ ಕೇಳಿಸಲಿಲ್ಲ. ಮಕ್ಕಳು ಅಂಕಗಳಿಗಾಗಿ ಗೆರೆ ಎಳೆದರು, ನಾನು ತಿದ್ದಿದೆನು, ಆ ಗೆರೆಯು ಮೂಕವಾಗಿಯೇ ಉಳಿಯಿತು.

ಆದುದರಿಂದ ನಮ್ಮ ಗ್ರಾಮಗಳ ಭಜನಾಮಂಡಳಿಗಳಲ್ಲಿ ಹಾಡುವ ವೃದ್ಧರ ಧಾಟಿಗಳನ್ನು ಮುದ್ರಿಸಿ, ರೇಖೆಗಿಳಿಸಿ, ಶಾಲೆಯ ಮಕ್ಕಳಿಂದ ಪುನಃ ನುಡಿಸಬೇಕು. ನಗುವವರು ಆಮೇಲೆ ನಗಲಿ. ಆ ಕಂಠಗಳು ಮಾತ್ರ ನಮಗಾಗಿ ಕಾಯುವುದಿಲ್ಲ.