ತಯಾರಿಕೆ ಬೇರೆ ಊರಿಗೆ ಹೋದರೆ ಬಿಯರ್ ರುಚಿ ಬದಲಾಗುತ್ತದೆಯೇ?

"ಕಂಪನಿ ಕೈಬದಲಾಯಿತು, ಬಿಯರ್ ಈಗ ಮೊದಲಿನಂತಿಲ್ಲ." ಇಂಥ ಮಾತು ನಿಮಗೂ ಫಾರ್ವರ್ಡ್ ಆಗಿ ಬಂದಿರಬಹುದು. ಇದರಲ್ಲಿ ನಿಜವೆಷ್ಟು?

ಅಮೆರಿಕದ ಶಿಕಾಗೋದಲ್ಲಿ 1988ರಲ್ಲಿ ಶುರುವಾದ ಗೂಸ್ ಐಲೆಂಡ್ ಎಂಬ ಕ್ರಾಫ್ಟ್ ಬಿಯರ್ ಕಂಪನಿಯನ್ನು 2011ರಲ್ಲಿ ದೈತ್ಯ ಕಂಪನಿ ಆನ್‌ಹೈಸರ್-ಬುಶ್ ಕೊಂಡಿತು. ಶಿಕಾಗೋದ ಫೋನ್ ಕೋಡ್ 312. ಅದನ್ನೇ ಹೆಸರಾಗಿ ಹೊತ್ತ ಬಿಯರ್‌ನ ತಯಾರಿಕೆ ಆಮೇಲೆ ನ್ಯೂಯಾರ್ಕ್ ರಾಜ್ಯದ ಬಾಲ್ಡ್ವಿನ್ಸ್‌ವಿಲ್‌ಗೆ ಹೋಯಿತು. ಅಭಿಮಾನಿಗಳಲ್ಲಿ ಚರ್ಚೆ ಎದ್ದಿತು.

"ನೀರು ಬದಲಾದರೆ ರುಚಿಯೂ ಬದಲು" ಎಂಬುದು ಅರ್ಧಸತ್ಯ. ಬಿಯರ್‌ನಲ್ಲಿ ಬಹುಪಾಲು ನೀರೇ. ಅದರ ಲವಣಗಳು ರುಚಿಯನ್ನು ಬದಲಿಸುತ್ತವೆ. ಆದರೆ ಇಂದು ಲವಣ ತೆಗೆದು, ಬೇಕಾದಷ್ಟು ಸೇರಿಸಿ ನೀರನ್ನು ಹೊಂದಿಸಬಹುದು. ಹೆಚ್ಚು ಕಷ್ಟ ಯೀಸ್ಟ್‌ನದು. ಎತ್ತರದ ಟ್ಯಾಂಕಿನಲ್ಲಿ ಒತ್ತಡ ಹೆಚ್ಚು. ಆಗ ಹಣ್ಣಿನ ಪರಿಮಳ ಕೊಡುವ ಎಸ್ಟರ್‌ಗಳು ಕಡಿಮೆಯಾಗುತ್ತವೆ. ಹಾಗಾಗಿ ಪಾಕವಿಧಾನ ಒಂದೇ ಇದ್ದರೂ ತಾಪಮಾನ, ಯೀಸ್ಟ್ ಪ್ರಮಾಣವನ್ನು ಹೊಸದಾಗಿ ಹೊಂದಿಸಬೇಕು.

ಹಾಗೆಂದು ದೂರುಗಳೆಲ್ಲ ಸರಿಯೇ? ಅಲ್ಲ. ಹಳೆಯ ದಾಸ್ತಾನು, ಬಿಸಿಲು ತಾಗಿದ ಬಾಟಲಿ ಕೂಡ ರುಚಿ ಕೆಡಿಸುತ್ತವೆ. ಊರು ಬದಲಾಗಿದೆ ಎಂದು ಮೊದಲೇ ತಿಳಿದರೆ ನಾಲಿಗೆ ತಪ್ಪು ಹುಡುಕತೊಡಗುತ್ತದೆ.

ಪರೀಕ್ಷೆ ಸರಳ. ಹೆಸರು ಹೇಳದೆ ಮೂರು ಲೋಟ ಇಡಿ: ಎರಡರಲ್ಲಿ ಒಂದು ಊರಿನದು, ಒಂದರಲ್ಲಿ ಇನ್ನೊಂದು ಊರಿನದು. ಬೇರೆಯದು ಯಾವುದೆಂದು ಬರೀ ಊಹೆಯಿಂದ ಹೇಳಿದರೂ ಮೂರರಲ್ಲೊಮ್ಮೆ ಸರಿಯಾಗುತ್ತದೆ. ಆದ್ದರಿಂದ ಒಬ್ಬರು ಒಮ್ಮೆ ಹೇಳಿದ್ದು ಪುರಾವೆಯಲ್ಲ. ಹಲವರು, ಹಲವು ಸಲ ಗುರುತಿಸಬೇಕು.

ಮದ್ಯದ ಹಾನಿ ಮಾತ್ರ ಯಾವ ಊರಲ್ಲಿ ತಯಾರಾದರೂ ಒಂದೇ.