ಮಕ್ಕಳ ಭಾಷಣ ಮಕ್ಕಳದ್ದೇ ಆಗಲಿ

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕಾರು ಸಲವಾದರೂ ಮಕ್ಕಳ ಭಾಷಣಗಳು ನಡೆಯುತ್ತವೆ. ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವಗಳಂದು ಧ್ವಜಸ್ತಂಭದ ಬಳಿ ಪುಟ್ಟ ಬಾಲಕ ಬಾಲಕಿಯರು ನಿಂತು ಮಾತನಾಡುವುದನ್ನು ಕಂಡು ಹಿರಿಯರು ಹಿಗ್ಗುತ್ತಾರೆ. ಈ ಪದ್ಧತಿ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಮಾತು ಯಾರದು ಎಂಬುದನ್ನು ನಾವು ವಿಚಾರಿಸಬೇಕಾಗಿದೆ.

ಸಾಮಾನ್ಯವಾಗಿ ಭಾಷಣವನ್ನು ಗುರುಗಳು ಬರೆದುಕೊಡುತ್ತಾರೆ. ಇಲ್ಲವೆ ಪುಸ್ತಕದಿಂದಲೋ ಮೊಬೈಲಿನಿಂದಲೋ ಇಳಿಸಿಕೊಡುತ್ತಾರೆ. ಮಗು ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತದೆ. ಇದರಿಂದಾಗುವ ಹಾನಿಗೆ ಒಂದೇ ಉದಾಹರಣೆ ಸಾಕು. 1947ರ ಆಗಸ್ಟ್ 15ರಂದು ನಾವು ಸ್ವತಂತ್ರರಾದೆವೆಂದು ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಮಕ್ಕಳೂ ಹೇಳುತ್ತಾರೆ. ಅಂದು ಈ ಊರುಗಳು ಹೈದರಾಬಾದಿನ ನಿಜಾಮನ ಆಳಿಕೆಯಲ್ಲಿದ್ದವು. ನಮಗೆ ಬಿಡುಗಡೆ ಬಂದದ್ದು ಹದಿಮೂರು ತಿಂಗಳು ಕಳೆದು, 1948ರ ಸೆಪ್ಟೆಂಬರ್ 17ರಂದು. ರಜಾಕಾರರ ಕಾಲವನ್ನು ಎಳೆತನದಲ್ಲಿ ಕಂಡ ಅಜ್ಜ ಅಜ್ಜಿಯರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ನಮ್ಮ ನಡುವೆ ಇದ್ದಾರೆ. "ಯಜ್ಜಾ, ಆವಾಗ ನಮ್ಮೂರಾಗ ಏನಾಗಿತ್ತು?" ಎಂದು ಕೇಳಿಕೊಂಡು ಬಂದ ಮಗುವಿನ ನಾಲ್ಕು ಮಾತು, ಪುಸ್ತಕದ ನಾಲ್ಕು ಪುಟಕ್ಕಿಂತ ಮೇಲಲ್ಲವೇ?

ಇನ್ನೊಂದು ಸಂಗತಿ. ಮಾತನಾಡುವವರು ಪ್ರತಿ ವರ್ಷವೂ ಅದೇ ಮೂರು ನಾಲ್ಕು ಮಂದಿ ಜಾಣ ಮಕ್ಕಳು. ಕೂಲಿಗೆ ಹೋಗುವವರ ಮಕ್ಕಳು, ತಾಂಡಾದ ಮಕ್ಕಳು, ಕ್ಯಾಂಪುಗಳಲ್ಲಿ ತೆಲುಗನ್ನೋ ಬಂಗಾಳಿಯನ್ನೋ ಮನೆಮಾತಾಗಿ ಉಳ್ಳವರು ಎದುರಿಗೆ ಕುಳಿತು ಚಪ್ಪಾಳೆ ತಟ್ಟುತ್ತಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಏಳು ವರ್ಷ ನಾನೂ ಹಾಗೆಯೇ ಚಪ್ಪಾಳೆ ತಟ್ಟಿದೆ. ಬಿ.ಎ. ತರಗತಿಯ ಸೆಮಿನಾರಿನಲ್ಲಿ ಎದ್ದು ನಿಂತಾಗ ಚೆನ್ನಾಗಿ ಬಲ್ಲ ವಿಷಯವೂ ಗಂಟಲಲ್ಲೇ ಉಳಿಯಿತು. ಇಂಥ ಮಿತ್ರರು ನಮ್ಮ ತರಗತಿಯಲ್ಲಿ ಅನೇಕರಿದ್ದಾರೆ. ಬುದ್ಧಿಗೆ ಕೊರತೆಯಿಲ್ಲ, ನಾಲ್ಕು ಜನರೆದುರು ಬಾಯಿ ತೆರೆಯುವ ಅಭ್ಯಾಸಕ್ಕೆ ಕೊರತೆ.

ಬಾಯಿಪಾಠದಿಂದ ಸಭಾಕಂಪ ಹೋಗುತ್ತದೆ, ಉಚ್ಚಾರಣೆ ತಿದ್ದುತ್ತದೆ ಎಂದು ಗುರುಹಿರಿಯರು ಹೇಳಬಹುದು. ಪದ್ಯಕ್ಕೂ ಮಗ್ಗಿಗೂ ಆ ಮಾತು ಸಲ್ಲುತ್ತದೆ. ಭಾಷಣದಲ್ಲಿ ಹಾಗಲ್ಲ. ಕಲಿತ ಒಂದು ಪದ ಮರೆತರೆ ಮಗು ಮುಂದಿನ ಸಾಲು ಕಾಣದೆ ಅಳುಮೋರೆ ಮಾಡಿ ನಿಲ್ಲುತ್ತದೆ. ತಾನು ಕಂಡದ್ದನ್ನು ಹೇಳುವ ಮಗುವಿಗೆ ಮರೆಯುವ ಭಯವೇ ಇಲ್ಲ.

ಆದ್ದರಿಂದ ನನ್ನ ಸೂಚನೆ ಇಷ್ಟೇ. ಶನಿವಾರಕ್ಕೊಮ್ಮೆ ತರಗತಿಯಲ್ಲಿಯೇ ಸರದಿಯ ಮೇಲೆ ಪ್ರತಿ ಮಗುವೂ ಐದು ವಾಕ್ಯ ಮಾತನಾಡಲಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದದ್ದು, ಅವ್ವನ ಸಂಗಡ ಭತ್ತದ ನಾಟಿಗೆ ಹೋದದ್ದು, ಹಟ್ಟಿಯ ಚಿನ್ನದ ಗಣಿ, ಮುದಗಲ್ಲಿನ ಕೋಟೆ: ವಿಷಯಗಳಿಗೇನು ಬರ? ಮೊದಲು ಮನೆಮಾತಿನಲ್ಲಿಯೇ ಹೇಳಲಿ. ಗ್ರಂಥದ ಕನ್ನಡ ಮೆಲ್ಲಗೆ ಬರುತ್ತದೆ. ಗುರುಗಳಿಗೆ ಕೆಲಸದ ಹೊರೆ ಹೆಚ್ಚೆಂಬುದು ನಿಜ. ಸಹಪಾಠಿಗಳೇ, ನಾವು ತಿಂಗಳಿಗೆ ಒಂದು ಶನಿವಾರ ನಮ್ಮ ನಮ್ಮ ಊರಿನ ಶಾಲೆಗೆ ಹೋಗಿ ಕೈಜೋಡಿಸಬಾರದೇಕೆ?

1915ರಲ್ಲಿ ಮಸ್ಕಿಯಲ್ಲಿ ದೊರೆತ ಶಾಸನವನ್ನು ಅದರಲ್ಲಿರುವ ಅಶೋಕನ ಹೆಸರಿಗಾಗಿ ನಾವೆಲ್ಲ ಕೊಂಡಾಡುತ್ತೇವೆ. ಧರ್ಮದ ಹಿರಿಮೆ ದೊಡ್ಡವರಿಗೆ ಮಾತ್ರ ಎಟುಕುವುದೆಂದು ತಿಳಿಯಬಾರದು, ಸಣ್ಣವರಿಗೂ ಅದು ಸಾಧ್ಯ ಎಂಬುದು ಆ ಶಾಸನದ ತಾತ್ಪರ್ಯ. ಬಂಡೆಯ ಮೇಲೆ ಅಷ್ಟು ಹಿಂದೆಯೇ ಕೊರೆದಿಟ್ಟ ಈ ಮಾತನ್ನು ನಮ್ಮ ಶಾಲೆಯ ಅಂಗಳದಲ್ಲಿ ನಡೆಸಿ ತೋರಿಸುವ ಹೊಣೆ ನಮ್ಮದು.